ಪೆಟ್ಟು, ರಿಪೇರಿ, ನಕಲು: ಡಿಎನ್‌ಎ ಉಳಿದುಕೊಂಡು ಬರುವ ಬಗೆ

(ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಊರಿನ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಾವು ಇಲ್ಲಿ ಒಂದು ಗಂಟೆ ಕೂರುತ್ತೇವೆ ಅಂತ ಇಟ್ಟುಕೊಳ್ಳಿ. ತಲೆ ಮೇಲೆ ಫ್ಯಾನ್ ತಿರುಗುತ್ತಿದೆ. ಯಾರೂ ಬಿಸಿಲಲ್ಲಿ ನಿಂತಿಲ್ಲ, ಬೀಡಿ ಸೇದುತ್ತಿಲ್ಲ, ಎಕ್ಸ್‌ರೇ ತೆಗೆಸುತ್ತಿಲ್ಲ. ಹಾಗಿದ್ದರೂ ಈ ಒಂದು ಗಂಟೆಯೊಳಗೆ ನಿಮ್ಮ ಒಂದೊಂದು ಜೀವಕೋಶದ ಡಿಎನ್‌ಎಯಿಂದಲೂ ಸುಮಾರು 400 ಅಕ್ಷರ ಉದುರಿ ಹೋಗಿರುತ್ತವೆ. ದಿನದ ಲೆಕ್ಕ ಹಿಡಿದರೆ ಒಂದು ಕೋಶಕ್ಕೆ 10,000ದ ಆಸುಪಾಸು. ಅಕ್ಷರ ಅಂದರೆ ಡಿಎನ್‌ಎಯ ಎಳೆಗೆ ಸಾಲಾಗಿ ಅಂಟಿರುವ ನಾಲ್ಕು ಬಗೆಯ ರಾಸಾಯನಿಕ ತುಣುಕುಗಳು: ಎ, ಟಿ, ಜಿ, ಸಿ. ಉದುರುವವು ಹೆಚ್ಚಾಗಿ ಎ ಮತ್ತು ಜಿ ಅಕ್ಷರಗಳು. ಡಿಎನ್‌ಎಯ ಬೆನ್ನೆಲುಬು ಹಾಗೇ ಇರುತ್ತದೆ, ಅದಕ್ಕೆ ಅಂಟಿದ್ದ ಅಕ್ಷರ ಮಾತ್ರ ಕಳಚಿ ಬೀಳುತ್ತದೆ. ಇದಕ್ಕೆ ಯಾವ ವಿಷವೂ ಬೇಕಿಲ್ಲ. ನೀರು, ಮತ್ತು ನಮ್ಮ ಮೈಯ 37 ಡಿಗ್ರಿ ಶಾಖ, ಇವೆರಡೇ ಸಾಕು.

ಇದನ್ನು ಅಳೆದು ಹೇಳಿದವರು ಸ್ವೀಡನ್ನಿನ ಟೊಮಾಸ್ ಲಿಂಡಾಲ್. 1960ರ ದಶಕದ ಕೊನೆಗೆ ಅವರು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಆರ್‌ಎನ್‌ಎ ಮೇಲೆ, ಅಂದರೆ ಡಿಎನ್‌ಎಯ ಹತ್ತಿರದ ನಂಟಿನ ಅಣುವಿನ ಮೇಲೆ, ಕೆಲಸ ಮಾಡುತ್ತಿದ್ದರು. ಬಿಸಿ ಮಾಡಿದರೆ ಆರ್‌ಎನ್‌ಎ ಬೇಗ ಹಾಳಾಗುವುದನ್ನು ಕಂಡರು. ಹಾಗಾದರೆ ಡಿಎನ್‌ಎ ಎಷ್ಟು ಗಟ್ಟಿ ಅಂತ ಅವರಿಗೆ ಅನುಮಾನ ಬಂತು. ಆ ಕಾಲಕ್ಕೆ ಈ ಪ್ರಶ್ನೆ ಯಾರ ತಲೆಯಲ್ಲೂ ಇರಲಿಲ್ಲ ಅಂತಲೇ ಹೇಳಬೇಕು. ಅಜ್ಜನಿಂದ ಮೊಮ್ಮಗನವರೆಗೆ ಉಳಿದು ಬರುವ ವಸ್ತು ಅಂದಮೇಲೆ ಅದು ಗಟ್ಟಿಯಾಗಿಯೇ ಇರಬೇಕು ಅಂತ ಎಲ್ಲರೂ ನಂಬಿದ್ದರು. ಸ್ವೀಡನ್ನಿಗೆ ವಾಪಸಾದ ಮೇಲೆ ಲಿಂಡಾಲ್ ಕೂತು ಅಳೆದರು. ಡಿಎನ್‌ಎ ಹಾಳಾಗುವ ವೇಗ ನೋಡಿದರೆ ಭೂಮಿ ಮೇಲೆ ಜೀವ ಅನ್ನುವುದೇ ಉಳಿಯಬಾರದಿತ್ತು. ಉಳಿದಿದೆ ಅಂದರೆ ಯಾರೋ ಬಿಡುವಿಲ್ಲದೆ ರಿಪೇರಿ ಮಾಡುತ್ತಿರಬೇಕು. ಆ ರಿಪೇರಿಯವರನ್ನು ಹುಡುಕಿಕೊಂಡು ಹೊರಟವರಿಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಲಿಂಡಾಲ್ ಜೊತೆಗೆ ಪಾಲ್ ಮಾಡ್ರಿಚ್ ಮತ್ತು ಅಜೀಜ್ ಸಂಜಾರ್. ಮೂವರೂ ಬೇರೆ ಬೇರೆ ರಿಪೇರಿ ಹಿಡಿದವರು, ಮೂವರೂ ಇವತ್ತು ನಮ್ಮ ಮಾತಿನಲ್ಲಿ ಬಂದು ಹೋಗುತ್ತಾರೆ.

ನಾನು ಹೇಳಬೇಕಾದ ಮುಖ್ಯ ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನಿಮಗೆ ನಿದ್ದೆ ಬಂದರೂ ಚಿಂತೆಯಿಲ್ಲ. ಡಿಎನ್‌ಎಗೆ ಪೆಟ್ಟು ಬೀಳುವುದೇ ಬೇರೆ, ಮ್ಯುಟೇಶನ್, ಅಂದರೆ ಅಕ್ಷರ ಕಾಯಂ ಆಗಿ ಬದಲಾಗುವುದೇ ಬೇರೆ. ಪೆಟ್ಟನ್ನು ಗುರುತಿಸಬಹುದು, ತೆಗೆಯಬಹುದು. ರಿಪೇರಿಯಾಗುವ ಮೊದಲೇ ಆ ಜಾಗ ನಕಲಾಗಿಬಿಟ್ಟರೆ ಮಾತ್ರ ಅದು ಮ್ಯುಟೇಶನ್. ಆಮೇಲೆ ಅದನ್ನು ತಪ್ಪು ಅಂತ ಗುರುತಿಸುವವರು ಯಾರೂ ಇಲ್ಲ. ಎರಡೂ ಎಳೆ ಒಂದಕ್ಕೊಂದು ಹೊಂದಿಕೊಂಡಿರುತ್ತವೆ, ಅದೇ ಸರಿ ಅನ್ನುವ ಹಾಗೆ.

ಇದು ಅರ್ಥವಾಗಬೇಕಾದರೆ ಮೊದಲು ನಕಲು ಹೇಗೆ ಆಗುತ್ತದೆ ಅಂತ ನೋಡಬೇಕು.

ಎರಡು ಎಳೆ, ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಇದು ನಿಮಗೆ ಪಿಯುಸಿಯಲ್ಲೇ ಬಂದಿದೆ, ನಾನು ಅಲ್ಲಿ ನಿಲ್ಲುವುದಿಲ್ಲ. 1953ರಲ್ಲಿ ರಚನೆ ಗೊತ್ತಾಯಿತು. ಎಳೆಗಳು ಬೇರೆಯಾಗಿ, ಒಂದೊಂದರ ಎದುರಿಗೂ ಹೊಸ ಎಳೆ ಕೂಡಿಕೊಳ್ಳುತ್ತದೆ ಅನ್ನುವುದು 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಅವರ ಪ್ರಯೋಗದಿಂದ ಖಚಿತವಾಯಿತು. ಬ್ಯಾಕ್ಟೀರಿಯಾಗಳನ್ನು ಭಾರದ ನೈಟ್ರೋಜನ್‌ನಲ್ಲಿ ಬೆಳೆಸಿ, ಆಮೇಲೆ ಮಾಮೂಲಿ ನೈಟ್ರೋಜನ್‌ಗೆ ಹಾಕಿದರು. ಒಂದು ತಲೆಮಾರು ಕಳೆದ ಮೇಲೆ ಡಿಎನ್‌ಎ ಪೂರ್ತಿ ಭಾರವೂ ಅಲ್ಲ, ಪೂರ್ತಿ ಹಗುರವೂ ಅಲ್ಲ, ನಡುವಿನದು. ಒಂದು ಹಳೇ ಎಳೆ, ಒಂದು ಹೊಸ ಎಳೆ. ಅಂದರೆ ನಿಮ್ಮ ಪ್ರತಿ ಕೋಶದಲ್ಲೂ ಅರ್ಧ ಹಳೆಯದು ಇದ್ದೇ ಇರುತ್ತದೆ. ಈ ಮಾತು ನೆನಪಿರಲಿ. ರಿಪೇರಿ ಸಾಧ್ಯವಾಗುವುದೇ ಇದರಿಂದ. ಒಂದು ಎಳೆಯಲ್ಲಿ ಅಕ್ಷರ ಹೋದರೆ ಎದುರಿನ ಎಳೆ ನೋಡಿ ತುಂಬಬಹುದು.

ಈಗ ತೊಡಕಿನ ಜಾಗಕ್ಕೆ ಬರೋಣ. ಹೊಸ ಎಳೆ ಕಟ್ಟುವ ಕಿಣ್ವದ, ಅಂದರೆ ಆ ಕೆಲಸ ಮಾಡುವ ಪ್ರೋಟೀನಿನ, ಹೆಸರು ಡಿಎನ್‌ಎ ಪಾಲಿಮರೇಸ್. 1956ರಲ್ಲಿ ಆರ್ಥರ್ ಕಾರ್ನ್‌ಬರ್ಗ್ ಇದನ್ನು ಬೇರ್ಪಡಿಸಿದರು. ಈ ಕಿಣ್ವಕ್ಕೆ ಒಂದು ಹಟ ಇದೆ. ಅದು ಒಂದೇ ದಿಕ್ಕಿನಲ್ಲಿ ಹೋಗುತ್ತದೆ. ಡಿಎನ್‌ಎಯ ಎರಡು ಎಳೆಗಳೋ, ಎದುರು ಬದುರು ದಿಕ್ಕಿನವು. ಹಾಗಾದರೆ ಎರಡನ್ನೂ ಒಟ್ಟಿಗೆ ನಕಲು ಮಾಡುವುದು ಹೇಗೆ?

ನಿಮ್ಮಲ್ಲಿ ಅರ್ಧ ಜನ ಹೊಲದ ಮನೆಯವರೇ, ಕೂರಿಗೆ ನೋಡಿರುತ್ತೀರಿ. ಕೂರಿಗೆಗೆ ಹೂಡಿದ ಎತ್ತು ಹಿಂದಕ್ಕೆ ನಡೆಯುವುದಿಲ್ಲ, ಬಿತ್ತನೆ ಏನಿದ್ದರೂ ಮುಂದಕ್ಕೇ. ಹೊಲವನ್ನು ಪೂರ್ವದಿಂದ ಪಶ್ಚಿಮಕ್ಕೆ ಹಸನು ಮಾಡಿಕೊಂಡು ಹೋಗುತ್ತಿದ್ದಾರೆ ಅಂತ ತಿಳಿಯಿರಿ. ಒಂದು ಪಟ್ಟಿಯಲ್ಲಿ ಕೂರಿಗೆ ಅದೇ ದಿಕ್ಕಿನಲ್ಲಿ ಹಿಂದೆಯೇ ಸಾಗುತ್ತದೆ, ತೊಂದರೆಯಿಲ್ಲ. ಪಕ್ಕದ ಪಟ್ಟಿಯಲ್ಲಿ ಮಾತ್ರ ಪಶ್ಚಿಮದಿಂದ ಪೂರ್ವಕ್ಕೇ ಬಿತ್ತಬೇಕು ಅನ್ನುವ ನಿಯಮ. ಆಗ ಏನು ಮಾಡುತ್ತೀರಿ? ಒಂದಿಷ್ಟು ಜಾಗ ಹಸನಾಗುವವರೆಗೆ ಕಾಯುತ್ತೀರಿ. ಆ ಅಂಚಿಗೆ ಹೋಗಿ, ಹಿಂದೆ ಬಿತ್ತಿದ ಜಾಗ ಮುಟ್ಟುವವರೆಗೆ ಬಿತ್ತುತ್ತೀರಿ. ಕೂರಿಗೆ ಎತ್ತಿಕೊಂಡು ಮತ್ತೆ ಹೊಸ ಅಂಚಿಗೆ ಹೋಗುತ್ತೀರಿ. ಹಸನಾಗುವುದು ಅಂದರೆ ಡಿಎನ್‌ಎಯ ಎಳೆಗಳು ಬಿಚ್ಚಿಕೊಳ್ಳುವುದು. ಎರಡನೇ ಎಳೆಯಲ್ಲಿ ನಡೆಯುವುದು ಇದೇ. ಅಲ್ಲಿ ಹೊಸ ಡಿಎನ್‌ಎ ತುಂಡು ತುಂಡಾಗಿ ಹುಟ್ಟುತ್ತದೆ. ನಮ್ಮ ಕೋಶಗಳಲ್ಲಿ ಒಂದೊಂದು ತುಂಡೂ 100ರಿಂದ 200 ಅಕ್ಷರ, ಬ್ಯಾಕ್ಟೀರಿಯಾದಲ್ಲಿ 1,000ದಿಂದ 2,000. ಒಂದು ಕೋಶ ಒಂದು ಸಲ ಇಬ್ಭಾಗವಾಗಬೇಕಾದರೆ ಇಂಥ ಕೋಟಿಗಟ್ಟಲೆ ತುಂಡುಗಳನ್ನು ಮಾಡಿ, ಲೈಗೇಸ್ ಅನ್ನುವ ಇನ್ನೊಂದು ಕಿಣ್ವದಿಂದ ಬೆಸೆಯಬೇಕು.

ಇವಕ್ಕೆ ಒಕಝಾಕಿ ತುಂಡುಗಳು ಅಂತ ಹೆಸರು. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ರೇಜಿ ಒಕಝಾಕಿ ಮತ್ತು ಅವರ ಪತ್ನಿ ತ್ಸುನೆಕೊ ಒಕಝಾಕಿ 1960ರ ದಶಕದಲ್ಲಿ ಇವನ್ನು ಕಂಡುಹಿಡಿದರು. ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಹೇಳದೆ ಮುಂದೆ ಹೋಗಲಾರೆ. ರೇಜಿ ಹಿರೋಶಿಮಾದವರು. 1945ರಲ್ಲಿ ಬಾಂಬ್ ಬಿದ್ದಾಗ ಹದಿಹರೆಯದ ವಿದ್ಯಾರ್ಥಿ, ವಿಕಿರಣ ತಾಗಿತ್ತು. ಡಿಎನ್‌ಎ ಹೇಗೆ ನಕಲಾಗುತ್ತದೆ ಅಂತ ಜಗತ್ತಿಗೆ ತೋರಿಸಿದ ಮನುಷ್ಯ 1975ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು, 44ನೇ ವಯಸ್ಸಿಗೆ. ತ್ಸುನೆಕೊ ಆ ಕೆಲಸವನ್ನು ಮುಂದುವರಿಸಿದರು. ಒಂದೊಂದು ತುಂಡೂ ಒಂದು ಪುಟ್ಟ ಆರ್‌ಎನ್‌ಎ ಚೂರಿನಿಂದ ಶುರುವಾಗುತ್ತದೆ ಅನ್ನುವುದು ಗಟ್ಟಿಯಾದದ್ದು ಆ ಮುಂದಿನ ಕೆಲಸದಲ್ಲಿ. ಪಠ್ಯಪುಸ್ತಕದಲ್ಲಿ ಒಂದೇ ಹೆಸರಿದೆ, ಆ ಹೆಸರಿನೊಳಗೆ ಇಬ್ಬರಿದ್ದಾರೆ.

ಪಾಲಿಮರೇಸ್‌ಗೆ ಈ ಹಟ ಯಾಕೆ? ಎರಡೂ ದಿಕ್ಕಿಗೆ ಹೋಗುವ ಕಿಣ್ವ ಒಂದು ಇದ್ದಿದ್ದರೆ ಇಷ್ಟು ಪಡಿಪಾಟಲು ಬೇಕಿರಲಿಲ್ಲ. ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಭಾಗ ಇದೇ, ಸ್ವಲ್ಪ ನಿಧಾನವಾಗಿ ನೋಡೋಣ.

ಹೊಸ ಅಕ್ಷರವನ್ನು ಜೋಡಿಸಲು ಶಕ್ತಿ ಬೇಕು. ಆ ಶಕ್ತಿ ಹೊಸ ಅಕ್ಷರದ ಜೊತೆಗೇ ಬರುತ್ತದೆ, ಮೂರು ಫಾಸ್ಫೇಟ್‌ಗಳ ಬಾಲದಲ್ಲಿ. ಎರಡು ಫಾಸ್ಫೇಟ್ ಕಳಚಿದಾಗ ಸಿಗುವ ಶಕ್ತಿಯಿಂದ ಅಕ್ಷರ ಅಂಟಿಕೊಳ್ಳುತ್ತದೆ. ಅಂಟಿದ್ದು ತಪ್ಪು ಅಕ್ಷರ ಅಂತಾದರೆ ಎಳೆಯ ತುದಿ ಸರಿಯಾಗಿ ಕೂರುವುದಿಲ್ಲ, ಅಲುಗಾಡುತ್ತದೆ. ಪಾಲಿಮರೇಸ್ ಅಲ್ಲೇ ನಿಂತು, ಆ ತುದಿಯನ್ನು ತನ್ನದೇ ಇನ್ನೊಂದು ಮೂಲೆಗೆ ಸರಿಸಿ, ಕತ್ತರಿಸಿ ಬಿಸಾಡುತ್ತದೆ. ಮತ್ತೆ ಸರಿಯಾದ ಅಕ್ಷರ ಬರುತ್ತದೆ, ತನ್ನ ಶಕ್ತಿಯನ್ನು ತಾನೇ ಹೊತ್ತು ತಂದು ಕೂರುತ್ತದೆ. ಕೆಲಸ ನಿಲ್ಲುವುದಿಲ್ಲ.

ಈಗ ಎದುರು ದಿಕ್ಕಿನಲ್ಲಿ ಕಟ್ಟುವ ಕಿಣ್ವ ಇದೆ ಅಂತ ಊಹಿಸಿ. ಅಲ್ಲಿ ಫಾಸ್ಫೇಟ್ ಬಾಲ ಇರಬೇಕಾದದ್ದು ಬೆಳೆಯುತ್ತಿರುವ ಎಳೆಯ ತುದಿಯಲ್ಲಿ. ತಪ್ಪು ಅಕ್ಷರವನ್ನು ಕತ್ತರಿಸಿದರೆ ಅದರ ಜೊತೆ ಬಾಲವೂ ಹೋಯಿತು. ಮುಂದಿನ ಅಕ್ಷರ ಅಂಟಲು ಶಕ್ತಿಯೇ ಇಲ್ಲ, ಎಳೆ ಅಲ್ಲಿಗೇ ನಿಂತಿತು. ಅಂದರೆ ತಪ್ಪು ತಿದ್ದುವ ಸೌಕರ್ಯ ಬೇಕು ಅನ್ನುವುದಾದರೆ ಒಂದೇ ದಿಕ್ಕಿಗೆ ಒಪ್ಪಿಕೊಳ್ಳಬೇಕು. ಕೋಟಿಗಟ್ಟಲೆ ತುಂಡು ಬೆಸೆಯುವ ಆ ರಗಳೆಯನ್ನೆಲ್ಲ ಜೀವ ಸಹಿಸಿಕೊಂಡಿರುವುದು ತಪ್ಪು ತಿದ್ದಿಕೊಳ್ಳುವ ಸಲುವಾಗಿ.

ವೇಗದ ಲೆಕ್ಕ ಒಂದನ್ನು ನೀವೇ ಮಾಡಿ. ನಮ್ಮ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾದ ಡಿಎನ್‌ಎ ಸುಮಾರು 46 ಲಕ್ಷ ಅಕ್ಷರದ ಒಂದು ಬಳೆ. ಒಂದೇ ಜಾಗದಿಂದ ಶುರುವಾಗಿ ಎರಡೂ ಕಡೆಗೆ ನಕಲು ಹೋಗುತ್ತದೆ, ಒಂದೊಂದು ಕಡೆಗೆ 23 ಲಕ್ಷ. ಸೆಕೆಂಡಿಗೆ 1,000 ಅಕ್ಷರ ಅಂದರೂ 2,300 ಸೆಕೆಂಡ್, ಸುಮಾರು 38 ನಿಮಿಷ. ಆದರೆ ಒಳ್ಳೇ ಆಹಾರ ಸಿಕ್ಕಿದರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ! 38 ನಿಮಿಷದ ಕೆಲಸ 20 ನಿಮಿಷದಲ್ಲಿ ಹೇಗೆ ಮುಗಿಯಿತು? ಮುಗಿಯುವುದಿಲ್ಲ. ಮೊದಲ ನಕಲು ನಡೆಯುತ್ತಿರುವಾಗಲೇ ಎರಡನೆಯದನ್ನು ಶುರು ಮಾಡಿಬಿಡುತ್ತದೆ. ಮಗಳು ಹುಟ್ಟುವ ಹೊತ್ತಿಗೆ ಮೊಮ್ಮಗಳ ಡಿಎನ್‌ಎ ಅರ್ಧ ಆಗಿರುತ್ತದೆ.

ನಮ್ಮ ಪಾಲಿಮರೇಸ್ ನಿಧಾನ, ಸೆಕೆಂಡಿಗೆ 50ರ ಆಸುಪಾಸು. ನಮ್ಮ ಒಂದನೇ ಕ್ರೋಮೋಸೋಮ್ ಸುಮಾರು 25 ಕೋಟಿ ಅಕ್ಷರ. ನಡುಮಧ್ಯದಲ್ಲಿ ಒಂದೇ ಕಡೆ ಶುರು ಮಾಡಿದ್ದರೆ 29 ದಿನ ಹಿಡಿಯುತ್ತಿತ್ತು. ಎಂಟು ಗಂಟೆಯಲ್ಲಿ ಮುಗಿಯುತ್ತದೆ, ಯಾಕೆಂದರೆ ಇಡೀ ಜೀನೋಮಿನಲ್ಲಿ, ಅಂದರೆ ಕೋಶದ ಒಟ್ಟು ಡಿಎನ್‌ಎಯಲ್ಲಿ, ಹತ್ತಾರು ಸಾವಿರ ಕಡೆ ಒಟ್ಟೊಟ್ಟಿಗೆ ಕೆಲಸ ಹಿಡಿಯುತ್ತಾರೆ.

ತಪ್ಪುಗಳ ಲೆಕ್ಕಕ್ಕೆ ಬರೋಣ. ಒಂದು ಮರಿಕೋಶಕ್ಕೆ ಹೊಸದಾಗಿ ಬರೆಯಬೇಕಾದ ಅಕ್ಷರಗಳು ಸುಮಾರು 640 ಕೋಟಿ. ಪಾಲಿಮರೇಸ್ ಕೂರಿಸುವಾಗ ಲಕ್ಷಕ್ಕೆ ಒಂದು ತಪ್ಪುತ್ತದೆ ಅಂತಿಟ್ಟುಕೊಂಡರೆ 64,000 ತಪ್ಪು. ತಕ್ಷಣ ಕತ್ತರಿಸಿ ತಿದ್ದುವುದರಿಂದ ಅದು ನೂರು ಪಾಲು ಇಳಿದು 640ಕ್ಕೆ ಬರುತ್ತದೆ. ಆ ಉಳಿದವನ್ನು ಹಿಡಿಯುವವರು ಬೇರೆ ತಂಡ. ಇದು ಮಾಡ್ರಿಚ್ ಅವರ ಕ್ಷೇತ್ರ, ಜೋಡಿ ತಪ್ಪಿದ್ದನ್ನು ತಿದ್ದುವ ರಿಪೇರಿ. ನಕಲು ಮುಗಿದ ಜಾಗವನ್ನು ಈ ಪ್ರೋಟೀನ್‌ಗಳು ತಡವುತ್ತ ಹೋಗುತ್ತವೆ. ಎ ಎದುರಿಗೆ ಸಿ ಕೂತಿದ್ದರೆ ಅಲ್ಲಿ ಸಣ್ಣ ಉಬ್ಬು ಸಿಗುತ್ತದೆ.

ಆದರೆ ಯಾವುದು ತಪ್ಪು? ಎ ತಪ್ಪೋ, ಸಿ ತಪ್ಪೋ? ಹಳೇ ಎಳೆಯದು ಸರಿ, ಹೊಸದರದ್ದು ತಪ್ಪು. ಹೊಸದು ಯಾವುದು ಅಂತ ಗೊತ್ತಾಗಬೇಕಲ್ಲ? ಇ. ಕೋಲಿಯಲ್ಲಿ ಇದಕ್ಕೊಂದು ಸೊಗಸಾದ ಉಪಾಯ ಇದೆ. ಜಿಎಟಿಸಿ ಅನ್ನುವ ನಾಲ್ಕಕ್ಷರ ಬಂದಲ್ಲೆಲ್ಲ ಎ ಮೇಲೆ ಮೀಥೈಲ್ ಅನ್ನುವ ಪುಟ್ಟ ರಾಸಾಯನಿಕ ಗುಂಪಿನ ಗುರುತು ಹಾಕಿರುತ್ತಾರೆ. ಈಗಷ್ಟೇ ಕಟ್ಟಿದ ಎಳೆಗೆ ಗುರುತು ಹಾಕಲು ಸ್ವಲ್ಪ ಹೊತ್ತು ಬೇಕು. ಆ ಸ್ವಲ್ಪ ಹೊತ್ತಿನಲ್ಲಿ ಗುರುತಿಲ್ಲದ್ದೇ ಹೊಸದು. ಅದನ್ನು ಕತ್ತರಿಸಿ, ಮತ್ತೆ ತುಂಬಿ, ಮುಗಿಸುತ್ತಾರೆ. ಇದೆಲ್ಲ ಆದಮೇಲೆ 640 ಕೋಟಿಯಲ್ಲಿ ಉಳಿಯುವುದು ಬೆರಳೆಣಿಕೆಯ ತಪ್ಪು, ಒಮ್ಮೊಮ್ಮೆ ಒಂದೂ ಇಲ್ಲ. ಈ ತಂಡದ ಜೀನ್ ಹುಟ್ಟಿನಿಂದಲೇ ಕೆಟ್ಟಿದ್ದರೆ ಅದು ಲಿಂಚ್ ಸಿಂಡ್ರೋಮ್. ಅಂಥ ಮನೆತನಗಳಲ್ಲಿ ದೊಡ್ಡ ಕರುಳಿನ, ಗರ್ಭಕೋಶದ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲೇ, ತಲೆಮಾರು ತಲೆಮಾರಾಗಿ ಕಾಣಿಸಿಕೊಳ್ಳುತ್ತದೆ.

ಇಲ್ಲಿಯವರೆಗೆ ಹೇಳಿದ್ದು ನಕಲಿನ ತಪ್ಪು. ಶುರುವಿನಲ್ಲಿ ಹೇಳಿದ ಪೆಟ್ಟುಗಳು ನಕಲು ಆಗದೇ ಇದ್ದರೂ ಬೀಳುತ್ತಲೇ ಇರುತ್ತವೆ. ಅದರಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಸಿ ಅಕ್ಷರಕ್ಕೆ ನೀರು ತಾಗಿ ಅದರ ಅಮೈನೋ ಗುಂಪು ಹೋದರೆ ಅದು ಯು ಆಗುತ್ತದೆ, ಯುರಾಸಿಲ್. ಒಂದು ಕೋಶದಲ್ಲಿ ದಿನಕ್ಕೆ ನೂರರ ಲೆಕ್ಕದಲ್ಲಿ ಇದು ನಡೆಯುತ್ತದೆ. ಯು ಜೋಡಿಯಾಗುವುದು ಎ ಜೊತೆ. ಹಾಗೇ ಬಿಟ್ಟರೆ ಮುಂದಿನ ನಕಲಿನಲ್ಲಿ ಸಿ ಇದ್ದಲ್ಲಿ ಟಿ ಬಂದು ಕೂರುತ್ತದೆ. 1974ರಲ್ಲಿ ಲಿಂಡಾಲ್ ಒಂದು ಕಿಣ್ವ ಕಂಡುಹಿಡಿದರು. ಅದರ ಕೆಲಸ ಒಂದೇ, ಡಿಎನ್‌ಎಯಲ್ಲಿ ಯು ಕಂಡರೆ ಕಿತ್ತು ಹಾಕುವುದು.

ಪರೀಕ್ಷೆಯಲ್ಲಿ ನೀವೆಲ್ಲ ಬರೆದಿದ್ದೀರಿ: ಆರ್‌ಎನ್‌ಎಯಲ್ಲಿ ಯು, ಡಿಎನ್‌ಎಯಲ್ಲಿ ಟಿ. ಎರಡು ಅಂಕ. ಯಾಕೆ ಅಂತ ಯಾರಾದರೂ ಕೇಳಿದ್ದರೇ? ಟಿ ಅಂದರೆ ಮೀಥೈಲ್ ಗುಂಪು ಹೊತ್ತ ಯು, ಅಷ್ಟೇ ವ್ಯತ್ಯಾಸ. ಅದನ್ನು ತಯಾರಿಸಲು ಕೋಶ ಹೆಚ್ಚು ಖರ್ಚು ಮಾಡಬೇಕು. ಡಿಎನ್‌ಎಯಲ್ಲಿ ಸಹಜವಾಗಿಯೇ ಯು ಇದ್ದಿದ್ದರೆ, ಸಿ ಕೆಟ್ಟು ಆದ ಯು ಯಾವುದು, ಮೊದಲಿಂದ ಇದ್ದ ಯು ಯಾವುದು ಅಂತ ಹೇಳಲು ಆಗುತ್ತಿರಲಿಲ್ಲ. ಡಿಎನ್‌ಎಯಲ್ಲಿ ಯು ಇರಲೇಬಾರದು ಅನ್ನುವ ನಿಯಮ ಇರುವುದರಿಂದ ಕಂಡ ಕೂಡಲೇ ಕೀಳಬಹುದು. ಪಾಠ ಮಾಡುವವರು ಇಲ್ಲಿ ಕೂತಿದ್ದೀರಿ, ನನ್ನದೊಂದು ಕೋರಿಕೆ. ಆ ಎರಡಂಕದ ವ್ಯತ್ಯಾಸ ಬರೆಸುವಾಗ ಈ ಕಾರಣವನ್ನೂ ಹೇಳಿಕೊಡಿ. ಒಮ್ಮೆ ಕೇಳಿದ ಹುಡುಗ ಮರೆಯುವುದಿಲ್ಲ.

ಇದರಲ್ಲೂ ಒಂದು ಸಂದಿ ಉಳಿದಿದೆ. ನಮ್ಮ ಡಿಎನ್‌ಎಯಲ್ಲಿ ಸಿ ಪಕ್ಕ ಜಿ ಇದ್ದರೆ ಆ ಸಿ ಮೇಲೆ ಬಹಳ ಸಲ ಮೀಥೈಲ್ ಗುರುತು ಇರುತ್ತದೆ, ಜೀನ್‌ಗಳನ್ನು ಸುಮ್ಮನಿರಿಸಲು. ಅಂಥ ಸಿ ಕೆಟ್ಟರೆ ಯು ಆಗುವುದಿಲ್ಲ, ನೇರವಾಗಿ ಟಿ ಆಗುತ್ತದೆ. ಟಿ ಡಿಎನ್‌ಎಯಲ್ಲಿ ಇರಬೇಕಾದ ಅಕ್ಷರವೇ, ಅದನ್ನು ಹಿಡಿಯುವುದು ಕಷ್ಟ. ಅದಕ್ಕೇ ಈ ಸಿಜಿ ಜಾಗಗಳು ಮ್ಯುಟೇಶನ್‌ಗೆ ಹೆಸರಾದವು. ಇದಕ್ಕೊಂದು ಉದಾಹರಣೆ ಆಮೇಲೆ ಬರುತ್ತದೆ.

ಹೊರಗಿನ ಪೆಟ್ಟುಗಳಲ್ಲಿ ನಮ್ಮ ಸೀಮೆಯವರಿಗೆ ಮೊದಲು ನೆನಪಾಗಬೇಕಾದದ್ದು ಬಿಸಿಲು. ನೇರಳಾತೀತ ಕಿರಣ ತಾಗಿದರೆ ಅಕ್ಕಪಕ್ಕದ ಎರಡು ಟಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪಾಲಿಮರೇಸ್ ಅಲ್ಲಿ ಮುಗ್ಗರಿಸುತ್ತದೆ. ನಮ್ಮ ಕೋಶಗಳು ಆ ಗಂಟಿನ ಎರಡೂ ಬದಿ ಕತ್ತರಿಸಿ, ಸುಮಾರು 30 ಅಕ್ಷರದ ತುಂಡನ್ನೇ ತೆಗೆದು, ಹೊಸದಾಗಿ ತುಂಬುತ್ತವೆ. ಸಂಜಾರ್ ಬಿಡಿಸಿದ್ದು ಇದನ್ನು. ಈ ರಿಪೇರಿ ಹುಟ್ಟಿನಿಂದಲೇ ಇಲ್ಲದ ಮಕ್ಕಳಿದ್ದಾರೆ. ಜೀರೋಡರ್ಮಾ ಪಿಗ್ಮೆಂಟೋಸಮ್ ಅಂತ ಆ ಕಾಯಿಲೆಗೆ ಹೆಸರು. ಹಗಲು ಹೊತ್ತು ಹೊರಗೆ ಬಂದರೆ ಸಾಕು, ಚರ್ಮ ಸುಟ್ಟಂತಾಗಿ ಎಳೆ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಬರುತ್ತದೆ. ತಮಾಷೆ ಏನು ಗೊತ್ತೇ? ನಿಮ್ಮ ಹೊಲದ ಮೆಕ್ಕೆಜೋಳಕ್ಕೆ ಇದಕ್ಕಿಂತ ಸುಲಭದ ದಾರಿ ಇದೆ. ಫೋಟೋಲಯೇಸ್ ಅನ್ನುವ ಕಿಣ್ವ ಬೆಳಕಿನಿಂದಲೇ ಶಕ್ತಿ ಪಡೆದು ಅಂಟಿದ ಟಿಗಳನ್ನು ಬಿಡಿಸುತ್ತದೆ. ಗಿಡಗಳಿಗಿದೆ, ಬ್ಯಾಕ್ಟೀರಿಯಾಗಿದೆ, ಕಪ್ಪೆಗೂ ಇದೆ. ಹಸು, ನಾಯಿ, ಇಲಿ, ಮನುಷ್ಯರಾದ ನಮಗೆ ಇಲ್ಲ. ನಮ್ಮ ವಂಶ ಅದನ್ನು ಎಲ್ಲೋ ಕಳೆದುಕೊಂಡಿತು.

ಇನ್ನೊಂದು ಮಾತು ಹೇಳಿದರೆ ಚನ್ನಗಿರಿ ಕಡೆಯವರಿಗೆ ಬೇಜಾರಾಗಬಹುದು. ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಹಾಕಿತು. ತಂಬಾಕು ಸೇರಿಸದ ಎಲೆಅಡಿಕೆಯನ್ನೂ ಬಿಡಲಿಲ್ಲ. ಇದರ ಮೇಲೆ ನಮ್ಮಲ್ಲಿ ಎಷ್ಟು ಸಂಸಾರಗಳು ನಿಂತಿವೆ ಅಂತ ನನಗೆ ಗೊತ್ತು, ಬೆಳೆಗಾರರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ರಸಾಯನಶಾಸ್ತ್ರಕ್ಕೆ ಮಾರುಕಟ್ಟೆ ದರ ಗೊತ್ತಿಲ್ಲ. ಅಡಿಕೆಯನ್ನು ಸುಣ್ಣದ ಜೊತೆ ಜಗಿದಾಗ ಬಾಯಲ್ಲಿ ಚುರುಕಾದ ಆಮ್ಲಜನಕದ ಕಣಗಳು ಹುಟ್ಟುತ್ತವೆ. ಅವು ಜಿ ಅಕ್ಷರವನ್ನು ಕೆಡಿಸುತ್ತವೆ, ಕೆಟ್ಟ ಜಿ ಸಿ ಬದಲು ಎ ಜೊತೆ ಜೋಡಿಯಾಗಬಲ್ಲದು. ಅಡಿಕೆಯಲ್ಲಿರುವ ಅರೆಕೋಲಿನ್‌ನಿಂದ ಎಂಜಲಿನಲ್ಲೇ ನೈಟ್ರೋಸಮೀನ್‌ಗಳಾಗುತ್ತವೆ. ತಂಬಾಕು ಸೇರಿದರೆ ಇನ್ನಷ್ಟು. ಇಂಥ ವಸ್ತುಗಳು ಜಿಗೆ ಮೀಥೈಲ್ ಅಂಟಿಸಿದರೆ ಅದನ್ನು ಕಿತ್ತು ತನ್ನ ಮೈಗೆ ಹಚ್ಚಿಕೊಳ್ಳುವ ಒಂದು ಪ್ರೋಟೀನ್ ಇದೆ. ಹಚ್ಚಿಕೊಂಡಮೇಲೆ ಅದು ಸತ್ತ ಹಾಗೆಯೇ. ಒಂದು ಅಕ್ಷರ ಉಳಿಸಲು ಒಂದು ಇಡೀ ಪ್ರೋಟೀನ್ ಖರ್ಚು. ದಿನವಿಡೀ ಗುಟ್ಕಾ ಬಾಯಲ್ಲಿಟ್ಟುಕೊಂಡವರ ಬಾಯಿಯ ಕೋಶಗಳಲ್ಲಿ ಪೆಟ್ಟು ಬೀಳುವ ವೇಗ ರಿಪೇರಿಯ ವೇಗವನ್ನು ಮೀರುತ್ತದೆ. ಅಷ್ಟೂ ಅಲ್ಲದೆ, ಗಾಯವಾದ ಜಾಗದಲ್ಲಿ ಕೋಶಗಳು ಬೇಗ ಬೇಗ ಇಬ್ಭಾಗವಾಗುತ್ತವೆ. ರಿಪೇರಿಗೆ ಸಿಗುವ ಸಮಯ ಕಡಿಮೆ, ನಕಲು ಹೆಚ್ಚು. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯಲು ಬರುವುದಿಲ್ಲ ಅನ್ನುವ ಹುಡುಗರು ನಿಮ್ಮ ಓಣಿಯಲ್ಲೂ ಇದ್ದರೆ, ದಯವಿಟ್ಟು ಹಲ್ಲಿನ ವೈದ್ಯರ ಹತ್ತಿರ ಕಳಿಸಿ.

ಬಾಯಿಯ ಕೋಶದಲ್ಲಿ ಆದ ಮ್ಯುಟೇಶನ್ ಮಕ್ಕಳಿಗೆ ಹೋಗುವುದಿಲ್ಲ. ಮಕ್ಕಳಿಗೆ ಹೋಗುವುದು ವೀರ್ಯಾಣು, ಅಂಡಾಣುವಿನಲ್ಲಿ ಆದದ್ದು ಮಾತ್ರ. ಪ್ರತಿ ಮಗುವಿನಲ್ಲೂ ಅಪ್ಪನಲ್ಲೂ ಇಲ್ಲದ, ಅಮ್ಮನಲ್ಲೂ ಇಲ್ಲದ 60-70 ಹೊಸ ಮ್ಯುಟೇಶನ್‌ಗಳಿರುತ್ತವೆ. ಗಾಬರಿಯಾಗಬೇಡಿ, ಬಹುತೇಕ ಯಾವುದೂ ಏನೂ ಮಾಡುವುದಿಲ್ಲ. ಆದರೆ ಅವು ಬಂದದ್ದು ಎಲ್ಲಿಂದ? ಹೆಚ್ಚಿನ ಪಾಲು ಅಪ್ಪನಿಂದ. ಹೆಣ್ಣುಮಗು ಹುಟ್ಟುವಾಗಲೇ ಅವಳ ಅಂಡಾಣುಗಳ ನಕಲು ಮುಗಿದಿರುತ್ತದೆ. ಗಂಡಸಿನಲ್ಲಿ ವೀರ್ಯಾಣುವಿನ ಮೂಲ ಕೋಶಗಳು ಜೀವಮಾನವಿಡೀ ಇಬ್ಭಾಗವಾಗುತ್ತಲೇ ಇರುತ್ತವೆ. ಅಪ್ಪನ ವಯಸ್ಸು ಒಂದು ವರ್ಷ ಹೆಚ್ಚಿದರೆ ಮಗುವಿನಲ್ಲಿ ಸರಾಸರಿ ಒಂದೂವರೆ ಮ್ಯುಟೇಶನ್ ಹೆಚ್ಚುತ್ತದೆ.

ಆಗಲೇ ಉದಾಹರಣೆ ಕೊಡುತ್ತೇನೆ ಅಂದೆನಲ್ಲ. ಕೈಕಾಲು ಗಿಡ್ಡಗಿರುವ ಕುಬ್ಜತೆ, ಅಕಾಂಡ್ರೋಪ್ಲೇಸಿಯಾ. ಹೆಚ್ಚಿನ ಪ್ರಕರಣಗಳಲ್ಲಿ ತಂದೆತಾಯಿ ಇಬ್ಬರೂ ಮಾಮೂಲಿ ಎತ್ತರದವರು. ಎಫ್‌ಜಿಎಫ್‌ಆರ್3 ಅನ್ನುವ ಜೀನಿನ ಒಂದೇ ಒಂದು ಅಕ್ಷರ, ಅದೂ ಸಿಜಿ ಜಾಗದ್ದು, ಹೊಸದಾಗಿ ಬದಲಾಗಿರುತ್ತದೆ. ಹೀಗೆ ಹೊಸದಾಗಿ ಆದದ್ದು ಬಹುಮಟ್ಟಿಗೆ ತಂದೆಯ ಕಡೆಯದು. ಆದರೆ ನಮ್ಮ ಮನೆಗಳಲ್ಲಿ ಮಗುವಿಗೆ ಏನೇ ಹೆಚ್ಚುಕಮ್ಮಿಯಾದರೂ ಮಾತು ಕೇಳುವವಳು ಸೊಸೆ. ಗ್ರಹಣದಲ್ಲಿ ಹೊರಗೆ ಬಂದಳು, ಪಥ್ಯ ಮಾಡಲಿಲ್ಲ, ಅವಳ ತವರಿನ ರಕ್ತವೇ ಹಾಗೆ. ಇದು ಯಾರ ತಪ್ಪೂ ಅಲ್ಲ. ಲೆಕ್ಕ ಕೇಳಲೇಬೇಕು ಅನ್ನುವ ಅತ್ತೆಯರಿಗೆ ಮಾತ್ರ ಲೆಕ್ಕ ಮಗನ ಕಡೆಗೇ ಹೆಚ್ಚು ತೋರಿಸುತ್ತದೆ ಅಂತ ಹೇಳಿ.

ಇದೇ ಜಾಗದಲ್ಲಿ ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಸಂಬಂಧದಲ್ಲಿ ಮದುವೆಯಾದರೆ ಮ್ಯುಟೇಶನ್ ಹೆಚ್ಚುತ್ತದೆಯೇ ಅಂತ ಕೇಳಿದಳು. ಇಲ್ಲಮ್ಮ, ಹೊಸ ಮ್ಯುಟೇಶನ್ ಹೆಚ್ಚುವುದಿಲ್ಲ. ಹಳೆಯವು ಹೊರಗೆ ಬರುತ್ತವೆ. ಒಂದೊಂದು ಜೀನಿಗೂ ನಮ್ಮಲ್ಲಿ ಎರಡು ಪ್ರತಿ, ಅಪ್ಪನದೊಂದು, ಅಮ್ಮನದೊಂದು. ನಾವೆಲ್ಲರೂ ಕೆಲವು ಕೆಟ್ಟ ಮ್ಯುಟೇಶನ್‌ಗಳನ್ನು ಒಂಟಿ ಪ್ರತಿಯಲ್ಲಿ ಹೊತ್ತಿದ್ದೇವೆ, ಜೊತೆಯ ಪ್ರತಿ ಚೆನ್ನಾಗಿರುವುದರಿಂದ ನಡೆದುಹೋಗುತ್ತದೆ. ಸೋದರಮಾವನಿಗೂ ಅವನ ಅಕ್ಕತಂಗಿಯ ಮಗಳಿಗೂ ಕಾಲು ಭಾಗ ಜೀನ್ ಒಂದೇ, ಸೋದರತ್ತೆಯ ಮಗಳಾದರೆ ಎಂಟನೇ ಒಂದು ಭಾಗ. ಒಂದೇ ಕೆಟ್ಟ ಪ್ರತಿ ಎರಡೂ ಕಡೆಯಿಂದ ಮಗುವಿಗೆ ಬರುವ ಅವಕಾಶ ಅಲ್ಲಿ ಹೆಚ್ಚು. ಅಂಥ ಮದುವೆ ಈಗಾಗಲೇ ಆಗಿದ್ದು, ಮನೆತನದಲ್ಲಿ ಕಾಯಿಲೆ ಇದ್ದರೆ, ಮಗುವಿಗೆ ಮೊದಲೇ ತಳಿಶಾಸ್ತ್ರದ ಸಲಹೆ ಪಡೆಯಬಹುದು.

ಮ್ಯುಟೇಶನ್ ಬಗ್ಗೆ ಜನರಲ್ಲಿ, ಓದಿದವರಲ್ಲೂ, ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಕೂತಿದೆ. ಬೇಕಾದಾಗ ಬರುತ್ತದೆ ಅನ್ನುವುದು. 'ಔಷಧಿ ಕೊಟ್ಟು ಕೊಟ್ಟು ಕ್ರಿಮಿ ಅಭ್ಯಾಸ ಮಾಡಿಕೊಂಡಿತು' ಅಂತ ಹೇಳುತ್ತೇವಲ್ಲ? 1943ರಲ್ಲಿ ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರೂಕ್ ಇದನ್ನು ಪರೀಕ್ಷಿಸಿದರು. ಬ್ಯಾಕ್ಟೀರಿಯಾಗಳನ್ನು ಬೇರೆ ಬೇರೆ ನಳಿಕೆಗಳಲ್ಲಿ ಬೆಳೆಸಿ, ಆಮೇಲೆ ಅವನ್ನು ಕೊಲ್ಲುವ ವೈರಸ್ ಜೊತೆ ಹರಡಿದರು. ವೈರಸ್ ತಾಗಿದ ಮೇಲೆ ತಡೆಶಕ್ತಿ ಹುಟ್ಟುವುದಾದರೆ ಎಲ್ಲ ನಳಿಕೆಯಲ್ಲೂ ಬದುಕಿದವರ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರಬೇಕು. ಸಿಕ್ಕಿದ್ದು ಬೇರೆ. ಹಲವು ನಳಿಕೆಗಳಲ್ಲಿ ಒಂದೂ ಇಲ್ಲ, ಕೆಲವದರಲ್ಲಿ ರಾಶಿ ರಾಶಿ. ಆ ರಾಶಿಯ ನಳಿಕೆಗಳಲ್ಲಿ ಮ್ಯುಟೇಶನ್ ಬಹಳ ಮೊದಲೇ, ವೈರಸ್ಸಿನ ಸುದ್ದಿಯೇ ಇಲ್ಲದಾಗ ಆಗಿಹೋಗಿತ್ತು, ಆ ಕೋಶದ ಮಕ್ಕಳು ಮೊಮ್ಮಕ್ಕಳು ತುಂಬಿಕೊಂಡಿದ್ದವು.

ಕ್ಷಯಕ್ಕೆ ನಾಲ್ಕು ಔಷಧ ಒಟ್ಟಿಗೆ ಕೊಡುವುದು ಇದೇ ಕಾರಣಕ್ಕೆ. ಐಸೋನಿಯಾಜಿಡ್‌ಗೆ ಜಗ್ಗದ ಕ್ರಿಮಿ ಹತ್ತು ಲಕ್ಷಕ್ಕೊಂದು ತಾನಾಗಿಯೇ ಇರುತ್ತದೆ. ರಿಫಾಂಪಿಸಿನ್‌ಗೆ ಜಗ್ಗದ್ದು ಹತ್ತು ಕೋಟಿಗೊಂದು. ಶ್ವಾಸಕೋಶದಲ್ಲಿ ಹುಣ್ಣಾಗಿ ಪೊಳ್ಳು ಬಿದ್ದಿದ್ದರೆ ಅಲ್ಲಿ ಕೋಟಿಗಟ್ಟಲೆ ಕ್ರಿಮಿ. ಒಂದೇ ಔಷಧ ಕೊಟ್ಟರೆ ಜಗ್ಗದವು ಉಳಿದು, ಪೂರ್ತಿ ಜಾಗ ಅವುಗಳದ್ದೇ. ಎರಡಕ್ಕೂ ಜಗ್ಗದ ಕ್ರಿಮಿ ಬೇಕಾದರೆ ಎರಡನ್ನೂ ಗುಣಿಸಿ: ಕೋಟಿ ಕೋಟಿಗೊಂದು. ಅಷ್ಟು ಕ್ರಿಮಿ ಯಾವ ರೋಗಿಯ ಎದೆಯಲ್ಲೂ ಇಲ್ಲ. ಮೊದಲ ಎರಡು ತಿಂಗಳು ನಾಲ್ಕು, ಮುಂದಿನ ನಾಲ್ಕು ತಿಂಗಳು ಮೂರು. ಎರಡು ತಿಂಗಳಿಗೆ ಕೆಮ್ಮು ನಿಂತಿತು ಅಂತ ಮಾತ್ರೆ ಬಿಡುವವರಿಗೆ, ಇದರಲ್ಲಿ ಒಂದು ನುಂಗಿ ಒಂದು ಬಿಡುವವರಿಗೆ, ಈ ಗುಣಾಕಾರ ವಿವರಿಸಿ ಹೇಳುವವರು ಬೇಕು. ನೀವು ಹೇಳಬಹುದು.

ಮ್ಯುಟೇಶನ್ ಕಣ್ಣಿಗೆ ಕಾಣಬೇಕು ಅನ್ನುವವರಿಗೆ ಮೆಕ್ಕೆಜೋಳಕ್ಕಿಂತ ಒಳ್ಳೆಯ ಜಾಗ ಇಲ್ಲ. ನಮ್ಮ ಎಪಿಎಂಸಿಗೆ ಬರುವ ಹಳದಿ ಹೈಬ್ರಿಡ್ ಅಲ್ಲ, ಅಮೆರಿಕದ ಬಣ್ಣ ಬಣ್ಣದ ತಳಿಗಳು. ಬಾರ್ಬರಾ ಮೆಕ್ಲಿಂಟಾಕ್ 1940ರ ದಶಕದಲ್ಲಿ ಅಂಥ ತೆನೆಗಳನ್ನು ಕೈಯಲ್ಲಿ ಹಿಡಿದು ಕಾಳು ಕಾಳು ನೋಡಿದರು. ಬಿಳಿ ಕಾಳಿನ ಮೇಲೆ ನೇರಳೆ ಚುಕ್ಕೆಗಳು. ಡಿಎನ್‌ಎಯ ಒಂದು ಚೂರು ಬಣ್ಣದ ಜೀನಿನೊಳಗೆ ಹಾರಿ ಕೂತಿದೆ, ಬಣ್ಣ ನಿಂತಿದೆ. ಕಾಳು ಬೆಳೆಯುವಾಗ ಯಾವುದೋ ಒಂದು ಕೋಶದಲ್ಲಿ ಆ ಚೂರು ಎದ್ದು ಹೋದರೆ, ಆ ಕೋಶದ ಸಂತತಿಗೆಲ್ಲ ಬಣ್ಣ ಬರುತ್ತದೆ. ದೊಡ್ಡ ಚುಕ್ಕೆ ಅಂದರೆ ಬೇಗ ಎದ್ದು ಹೋಗಿದೆ, ಸಣ್ಣ ಚುಕ್ಕೆ ಅಂದರೆ ಕಾಳು ಬಲಿಯುವ ಹೊತ್ತಿಗೆ. ನಂಬುವವರು ಬಹಳ ಕಡಿಮೆ ಇದ್ದರು, ನೊಬೆಲ್ ಬಂದದ್ದು 1983ರಲ್ಲಿ. ನಮ್ಮ ಡಿಎನ್‌ಎಯ ಹೆಚ್ಚುಕಡಿಮೆ ಅರ್ಧದಷ್ಟು ಇಂಥ ಹಾರುವ ಚೂರುಗಳ ಪಳೆಯುಳಿಕೆ ಅಂತ ಈಗ ಗೊತ್ತು.

ಕೊನೆಗೆ ಚಳ್ಳಕೆರೆ ಕಡೆಯ ರೈತರೊಬ್ಬರು ಎದ್ದು ಕೇಳಿದರು: 'ಭಾಭಾ ಅಣು ಕೇಂದ್ರದವರು ಶೇಂಗಾ ಬೀಜಕ್ಕೆ ಕಿರಣ ಹಾಯಿಸಿ ತಳಿ ಮಾಡಿದ್ದಾರಂತಲ್ಲ ಸರ್, ಅದನ್ನು ತಿಂದರೆ ನಮಗೂ ಕಿರಣ ಬರುವುದಿಲ್ಲವಾ? ಬೀಜ ಎತ್ತಿಟ್ಟು ಮರುವರ್ಷ ಬಿತ್ತಿದರೆ ಆ ಗುಣ ಉಳಿಯುತ್ತದಾ?' ಎರಡೂ ಒಳ್ಳೆಯ ಪ್ರಶ್ನೆ. ಎಕ್ಸ್ ಕಿರಣದಿಂದ ಮ್ಯುಟೇಶನ್ ಹೆಚ್ಚುತ್ತದೆ ಅಂತ 1927ರಲ್ಲಿ ಹರ್ಮನ್ ಮುಲ್ಲರ್ ಹಣ್ಣಿನ ನೊಣದಲ್ಲಿ ತೋರಿಸಿದರು. ಆ ಅಣು ಕೇಂದ್ರ ಇರುವ ಮುಂಬೈಯ ಟ್ರಾಂಬೆಯಲ್ಲಿ ಅದನ್ನೇ ಶೇಂಗಾ ಮೇಲೆ ಮಾಡಿದರು. ಕಿರಣ ಡಿಎನ್‌ಎಯನ್ನು ಮುರಿಯುತ್ತದೆ, ಬೀಜದ ಕೋಶಗಳು ಅವಸರದಲ್ಲಿ ಬೆಸೆಯುತ್ತವೆ, ಬೆಸುಗೆಯಲ್ಲಿ ಅಕ್ಷರ ಹೆಚ್ಚುಕಮ್ಮಿಯಾಗುತ್ತದೆ. ಹೆಚ್ಚಿನವು ಕೆಲಸಕ್ಕೆ ಬಾರದ ಗಿಡಗಳು. ಸಾವಿರಾರು ಗಿಡಗಳ ನಡುವೆ ಎಲ್ಲೋ ಒಂದು ದಪ್ಪ ಕಾಯಿಯದ್ದು ಸಿಗುತ್ತದೆ. ಅಂಥವನ್ನು ಕ್ರಾಸ್ ಮಾಡುತ್ತ ಹೋಗಿ, ಅಕೋಲಾದ ಕೃಷಿ ವಿಶ್ವವಿದ್ಯಾಲಯದ ಜೊತೆ ಸೇರಿ ಮಾಡಿದ ಟಿಎಜಿ-24 1991ರಲ್ಲಿ ಬಿಡುಗಡೆಯಾಯಿತು. ಕಿರಣ ಬೀಜದಲ್ಲಿ ನಿಲ್ಲುವುದಿಲ್ಲ, ಹಾಯ್ದು ಹೋಗುತ್ತದೆ. ಎಕ್ಸ್‌ರೇ ತೆಗೆಸಿಕೊಂಡವರ ಪಕ್ಕ ಕೂತರೆ ನಿಮಗೇನೂ ತಾಗುವುದಿಲ್ಲವಲ್ಲ, ಹಾಗೆ. ಅದರ ಮೇಲೆ ನೀವು ತಿನ್ನುವುದು ಕಿರಣ ಹಾಯಿಸಿದ ಬೀಜವನ್ನೂ ಅಲ್ಲ, ಅದರ ಎಷ್ಟೋ ತಲೆಮಾರಿನ ಆಚೆಯದನ್ನು.

ಗುಣ ಉಳಿಯುತ್ತದೆ. ಶೇಂಗಾ ಹೂವು ತನ್ನ ಪರಾಗದಿಂದಲೇ ಕಾಯಿಕಟ್ಟುತ್ತದೆ. ಕೆಲವು ತಲೆಮಾರು ಆರಿಸುತ್ತ ಬಂದರೆ ಎರಡೂ ಪ್ರತಿಯಲ್ಲಿ ಅದೇ ಅಕ್ಷರ ನಿಲ್ಲುತ್ತದೆ, ಬೇರೆ ತಳಿ ಬೆರಕೆಯಾಗದಂತೆ ನೋಡಿಕೊಂಡರೆ ಮನೆ ಬೀಜವನ್ನೇ ಬಿತ್ತಬಹುದು. ಮೆಕ್ಕೆಜೋಳದ ಹೈಬ್ರಿಡ್‌ನ ಕಾಳು ಎತ್ತಿಟ್ಟು ಬಿತ್ತಿದವರು ಮರುವರ್ಷ ತೆನೆ ಒಂದೊಂದು ಥರ ಬಂತು, ಬೀಜ ಕೆಟ್ಟಿತು ಅನ್ನುತ್ತಾರೆ. ಅಲ್ಲಿ ಡಿಎನ್‌ಎಯೇನೂ ಕೆಟ್ಟಿಲ್ಲ, ಮ್ಯುಟೇಶನ್ನೂ ಆಗಿಲ್ಲ. ಎರಡು ಬೇರೆ ಬೇರೆ ತಳಿಯಿಂದ ಬಂದ ಎರಡು ಪ್ರತಿಗಳು ಮುಂದಿನ ತಲೆಮಾರಿನಲ್ಲಿ ಹಂಚಿಹೋದವು, ಅಷ್ಟೇ. ಅದಕ್ಕೆ ಪ್ರತಿವರ್ಷ ಅಂಗಡಿಗೇ ಹೋಗಬೇಕು. ಶೇಂಗಾದಲ್ಲಿ ಆ ಖರ್ಚು ನಿಮಗಿಲ್ಲ.